ಎರಡು ಸಾಲಿನ ಕಥೆಗಳು: ಕುಮಾರ ಗಂಧರ್ವರ ಬಂದಿಶ್‌ಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಹಿಂದೂಸ್ತಾನಿ ಸಂಗೀತಕ್ಕೆ ಕೇಳುಗರ ಬರವಿಲ್ಲ. ಅಡಿಕೆ ಕೊಯ್ಲು ಮುಗಿದು ಅಂಗಳ ತೆರವಾಯಿತೆಂದರೆ ಯಾವುದಾದರೂ ಒಂದು ಊರಿನಲ್ಲಿ ಬೈಠಕ್ ನಡೆಯುತ್ತದೆ. ನಿರೂಪಕರು ಮೈಕ್ ಹಿಡಿದು ಗಾಯಕರ ಗುರುಪರಂಪರೆ ಹೇಳುತ್ತಾರೆ. ರಾಗ ಯಾವುದು, ತಾಳ ಯಾವುದು, ತಬಲಾ ಯಾರದು, ಹಾರ್ಮೋನಿಯಂ ಯಾರದು, ತಂಬೂರಿ ಮೀಟುವ ಹುಡುಗಿ ಯಾರ ಮಗಳು, ಊಟದ ವ್ಯವಸ್ಥೆ ಯಾರದು, ಎಲ್ಲವನ್ನೂ ಹೇಳುತ್ತಾರೆ. ಹಾಡಿದ ಬಂದಿಶ್ ಕಟ್ಟಿದವರು ಯಾರು ಎಂಬುದನ್ನು ಮಾತ್ರ ಹೇಳುವುದಿಲ್ಲ. ಕೇಳುಗರೂ ಕೇಳುವುದಿಲ್ಲ.

ನಾವಿರುವ ಸೋಂದಾದಲ್ಲಿ ಕುಳಿತು ಯೋಚಿಸಿದರೆ ಇದು ಇನ್ನಷ್ಟು ವಿಚಿತ್ರ. ಇಲ್ಲಿ ವಾದಿರಾಜರ ಬೃಂದಾವನವಿದೆ. ಹಾಡಿನ ಕೊನೆಯಲ್ಲಿ 'ಹಯವದನ' ಎಂಬ ಅಂಕಿತ ಬಂದರೆ ಸಾಕು, ಇದು ಯಾರದೆಂದು ಕೊಟ್ಟಿಗೆಯಲ್ಲಿ ಹಾಲು ಕರೆಯುವ ಅಮ್ಮನೂ ಹೇಳಬಲ್ಲಳು. ನಾಲ್ಕುನೂರು ವರ್ಷದ ಹಿಂದಿನ ಹಾಡಿನ ಒಡೆಯರು ಗೊತ್ತು; ಐವತ್ತು ಅರವತ್ತು ವರ್ಷದ ಹಿಂದಿನ ಹಾಡಿನ ಒಡೆಯರು ಗೊತ್ತಿಲ್ಲ. ಖಯಾಲಿನವರು ಅಂಕಿತ ಇಡುವವರಲ್ಲ ಎಂದೇನೂ ಅಲ್ಲ. 18ನೇ ಶತಮಾನದ ನಿಯಾಮತ್ ಖಾನ್ 'ಸದಾರಂಗ' ಎಂದು ಬರೆದರು. 20ನೇ ಶತಮಾನದಲ್ಲಿ ಆಗ್ರಾ ಘರಾಣೆಯ ಫೈಯಾಜ್ ಖಾನರು 'ಪ್ರೇಮಪಿಯಾ' ಆದರು, ವಿಲಾಯತ್ ಹುಸೇನ್ ಖಾನರು 'ಪ್ರಾಣಪಿಯಾ' ಆದರು, ಬಡೇ ಗುಲಾಮ್ ಅಲಿ ಖಾನರು 'ಸಬ್‌ರಂಗ್' ಆದರು. ಕೃಷ್ಣನ ಹೋಳಿಯನ್ನು, ಯಮುನೆಯ ದಂಡೆಯನ್ನು ಇವರು ಯಾವ ಸಂಕೋಚವೂ ಇಲ್ಲದೆ ಹಾಡಿ, ಕೊನೆಗೆ ತಮ್ಮ ಹೆಸರಿನ ಒಂದು ಎಳೆ ಬಿಟ್ಟುಹೋದರು. ನಮ್ಮ ಯಲ್ಲಾಪುರ ತಾಲ್ಲೂಕಿನ ಹಾಸಣಗಿಯ ಪಂಡಿತ ಗಣಪತಿ ಭಟ್ಟರ ಗುರುಗಳಲ್ಲಿ ಒಬ್ಬರಾದ ಸಿ.ಆರ್. ವ್ಯಾಸರು (1924-2002) 'ಗುಣಿಜಾನ' ಎಂಬ ಅಂಕಿತದಲ್ಲಿ ಬಂದಿಶ್ ಕಟ್ಟಿದವರು. ಅಂದರೆ ರಚನಕಾರರು ಈ ಸೀಮೆಗೆ ದೂರದವರೂ ಅಲ್ಲ. ಆದರೂ ನಮ್ಮ ಕಿವಿ ರಾಗದ ಮೇಲೆ ನಿಲ್ಲುತ್ತದೆ, ಗಂಟಲಿನ ಮೇಲೆ ನಿಲ್ಲುತ್ತದೆ, ಮಾತಿನ ಮೇಲೆ ನಿಲ್ಲುವುದಿಲ್ಲ.

ಇದೇ ಜನ ತಾಳಮದ್ದಳೆಗೆ ಕುಳಿತರೆ ಬೇರೆಯೇ ಜನರಾಗುತ್ತಾರೆ. ಭಾಗವತರು ಒಂದು ಪದ್ಯ ಹಾಡಿ ಮುಗಿಸಿದರೆ ಅರ್ಥಧಾರಿ ಅದರ ಒಂದು ಶಬ್ದ ಹಿಡಿದು ಅರ್ಧ ಗಂಟೆ ಜಗ್ಗಬಲ್ಲ, ಎದುರಿನವನು ಅದನ್ನೇ ತಿರುಗಿಸಿ ಹೊಡೆಯಬಲ್ಲ. ಮರುದಿನ ಅಂಗಡಿಯ ಕಟ್ಟೆಯ ಮೇಲೆ ಆ ಶಬ್ದದ ವಿಚಾರಣೆ ಮುಂದುವರಿಯುತ್ತದೆ. ಮಾತನ್ನು ಇಷ್ಟು ಗೌರವಿಸುವ ಸೀಮೆಯೇ ಖಯಾಲಿನ ಮಾತನ್ನು ಸ್ವರಕ್ಕೊಂದು ನೆಪ ಎಂದು ಬಿಟ್ಟುಕೊಟ್ಟಿದೆ. ತಪ್ಪು ಪೂರ್ತಿ ಕೇಳುಗರದೂ ಅಲ್ಲ. ಅತ್ತೆ-ನಾದಿನಿಯರ ಕಾಟ, ಪರದೇಶಕ್ಕೆ ಹೋದ ಪಿಯಾ, ಸದ್ದು ಮಾಡುವ ಕಾಲ್ಗೆಜ್ಜೆ, ಇವನ್ನೇ ನೂರಾರು ಬಂದಿಶ್‌ಗಳು ತಿರುತಿರುಗಿ ಹೇಳಿವೆ. ಅದನ್ನೂ ಗಾಯಕರು ಅಕ್ಷರ ನುಂಗಿ ಹಾಡಿದರೆ ಅರ್ಥ ಹುಡುಕುವ ಆಸೆ ಯಾರಿಗೆ ಉಳಿದೀತು?

ಕುಮಾರ ಗಂಧರ್ವರ ಹೆಸರು ಇಲ್ಲಿ ಬರಬೇಕು. ಅವರನ್ನು ನಾವು ಗಾಯಕರೆಂದು ಕೇಳಿದಷ್ಟು ರಚನಕಾರರೆಂದು ಕೇಳಿಲ್ಲ. ಹಾಗೆ ಕೇಳಿದರೆ ಅವರ ಕೆಲವು ಬಂದಿಶ್‌ಗಳು ಒಳ್ಳೆಯ ಸಣ್ಣಕಥೆಗಳ ಪಕ್ಕದಲ್ಲಿ ಸರಿಸಮ ಕೂರುತ್ತವೆ. ಸ್ಥಾಯಿ ಮತ್ತು ಅಂತರಾ ಸೇರಿ ನಾಲ್ಕು ಸಾಲು, ಬಹಳವೆಂದರೆ ಆರು. ಕಥೆ ಬರೆಯುವ ನಮ್ಮಂಥವರು ನಾಲ್ಕು ಪುಟದಲ್ಲಿ ಮಾಡಲು ಒದ್ದಾಡುವುದನ್ನು ಅವರು ಅಷ್ಟರಲ್ಲಿ ಮಾಡಿದ್ದಾರೆ.

ಅವರು ಕನ್ನಡ ನೆಲದವರು. 1924ರ ಏಪ್ರಿಲ್ 8ರಂದು ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದರು, ಹುಟ್ಟುಹೆಸರು ಶಿವಪುತ್ರ. ಗ್ರಾಮಫೋನ್ ತಟ್ಟೆಗಳಲ್ಲಿ ಕೇಳಿದ ದೊಡ್ಡ ಗಾಯಕರ ಹಾಡನ್ನು ಇದ್ದಕ್ಕಿದ್ದಂತೆ ಹಾಡಿ ತೋರಿಸುತ್ತಿದ್ದ ಹುಡುಗನಿಗೆ ಸ್ವಾಮಿಗಳೊಬ್ಬರು ಕೊಟ್ಟ ಬಿರುದೇ ಮುಂದೆ ಹೆಸರಾಗಿ ನಿಂತಿತು. ಮುಂಬೈಯಲ್ಲಿ ಬಿ.ಆರ್. ದೇವಧರರ ಬಳಿ ಕಲಿತರು. ಹೆಸರು ಏರುತ್ತಿದ್ದಾಗಲೇ ಕ್ಷಯರೋಗ ಹಿಡಿಯಿತು. ಒಣಹವೆ ಬೇಕೆಂದು 1948ರ ಜನವರಿಯಲ್ಲಿ, ಗಾಂಧೀಜಿಯ ಕೊಲೆಯಾದ ಅದೇ ತಿಂಗಳಲ್ಲಿ, ಮಾಳವದ ದೇವಾಸಕ್ಕೆ ಹೋದರು. ಸುಮಾರು ಐದು ವರ್ಷ ಹಾಡುವುದಿರಲಿ, ಗಟ್ಟಿಯಾಗಿ ಮಾತನಾಡುವಂತಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ಬಂದಿದ್ದರಿಂದ ಬದುಕಿದರು. ಒಂದು ಶ್ವಾಸಕೋಶ ಮಾತ್ರ ಹಾಳಾಗಿತ್ತು.

ಈ ಶ್ವಾಸಕೋಶದ ಕಥೆಯನ್ನು ವಿಮರ್ಶಕರು ಬಹಳ ದುಡಿಸಿಕೊಂಡಿದ್ದಾರೆ. ಕುಮಾರರ ಗಾಯನದಲ್ಲಿ ಸಣ್ಣ ಸಣ್ಣ ತುಣುಕುಗಳು, ಥಟ್ಟನೆ ಏರುವ ಸ್ವರ, ನಡುನಡುವೆ ಮೌನ ಏಕೆ ಎಂದರೆ ಉಸಿರು ಸಾಲುತ್ತಿರಲಿಲ್ಲ ಎನ್ನುತ್ತಾರೆ. ನಮಗೆ ಇದು ಒಪ್ಪಿಗೆಯಿಲ್ಲ. ಉಸಿರು ಕಡಿಮೆಯಾದವರೆಲ್ಲ ಹೀಗೆ ಹಾಡುವುದಿಲ್ಲ. ಉಸಿರಿನ ಮಿತಿ ಇದ್ದಿರಬಹುದು, ಆದರೆ ಎಲ್ಲಿ ನಿಲ್ಲಿಸಬೇಕು ಎಂಬುದು ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿ ಇರುವುದಿಲ್ಲ. ಅವರು ಕಟ್ಟಿದ ಬಂದಿಶ್‌ಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಬಾಯಿ ಬಿಡುವ ಮೊದಲೇ, ಕಾಗದದ ಮೇಲೆಯೇ, ಮಾತು ಅಷ್ಟು ಬಿಗಿಯಾಗಿದೆ.

ಹಾಸಿಗೆ ಹಿಡಿದ ಆ ವರ್ಷಗಳಲ್ಲಿ ಅವರು ಮಾಡಲಾಗುತ್ತಿದ್ದ ಕೆಲಸ ಒಂದೇ, ಕೇಳುವುದು. ಬೀದಿಯಲ್ಲಿ ಹೋಗುವ ಹೆಂಗಸರ ಹಾಡು, ಭಿಕ್ಷೆಗೆ ಬರುವ ಜೋಗಿಗಳ ನಿರ್ಗುಣ ಪದ, ಹಾವಾಡಿಗನ ಪುಂಗಿ. ಘರಾಣೆಯಲ್ಲಿ ಬೆಳೆದ ಮಗು ಉಸ್ತಾದರ ಬಾಯಿಂದ ರಾಗ ಕಲಿಯುತ್ತದೆ. ಇವರು ಗುರುಗಳ ಬಳಿ ಕಲಿತದ್ದನ್ನು ಇಟ್ಟುಕೊಂಡೇ ರಾಗದ ಬೇರನ್ನು ಬೀದಿಯಲ್ಲಿ ಹುಡುಕಿದರು. ಹಾಗೆ ಜನಪದ ಧಾಟಿಯಿಂದ ಕಡೆದು ತೆಗೆದ ರಾಗಗಳನ್ನು ಅವರು 'ಧುನ್ ಉಗಮ್' ರಾಗ ಎಂದು ಕರೆದರು. ಸಂಜಾರಿ, ಮಾಲವತಿ, ಲಗನ ಗಂಧಾರ, ಸಹೇಲಿ ತೋಡಿ, ಅಹಿಮೋಹಿನಿ, ಮಧಸುರ್ಜಾ ಈ ಗುಂಪಿನವು. ಅಹಿ ಎಂದರೆ ಹಾವು. ಅಹಿಮೋಹಿನಿ ಹಾವಾಡಿಗನ ಪುಂಗಿಯಿಂದ ಬಂದದ್ದು. 1965ರಲ್ಲಿ ಬಂದ 'ಅನೂಪರಾಗವಿಲಾಸ' ಎಂಬ ಪುಸ್ತಕದಲ್ಲಿ ತಮ್ಮ ರಚನೆಗಳನ್ನು ಸ್ವರಲಿಪಿಯ ಸಮೇತ ಕೊಟ್ಟರು. ಅವರು ತೀರಿಕೊಂಡದ್ದು 1992ರ ಜನವರಿ 12ರಂದು. ಅದಾದ ಮೇಲೆ ಎರಡನೆಯ ಭಾಗವೂ ಬಂತು.

ಈ ರಚನೆಗಳ ಭಾಷೆ ಹೆಚ್ಚಾಗಿ ಮಾಳವಿ, ಇಲ್ಲವೇ ಅದರ ನೆರೆಯ ಹಿಂದಿ, ಬ್ರಜ. ಬೆಳಗಾವಿ ಸೀಮೆಯ ಕನ್ನಡದ ಹುಡುಗ ಬೇರೊಂದು ಸೀಮೆಯ ಅಡುಗೆಮನೆಯ ಮಾತಿನಲ್ಲಿ ಬರೆದ. ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು, ಆಮೇಲೆ ಕನ್ನಡ ಶಾಲೆಗೆ ಹೋಗಿ, ಮನೆಯಲ್ಲಿ ದಖನಿ ಆಡಿ, ಕಥೆಯನ್ನು ಕನ್ನಡದಲ್ಲಿ ಬರೆಯುವ ನಮಗೆ ಇದು ಸುಮ್ಮನೆ ದಾಟಿಹೋಗುವ ಸಂಗತಿಯಲ್ಲ. ಸಭೆಗಳಲ್ಲಿ ಇಂದಿಗೂ ಯಾರಾದರೂ ಬೆನ್ನು ತಟ್ಟಿ 'ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ' ಎನ್ನುವುದುಂಟು. ಪ್ರೀತಿಯಿಂದಲೇ ಹೇಳುತ್ತಾರೆ. ಆದರೂ ಆ ಮಾತಿನಲ್ಲಿ ಮನೆಗೆ ಬಂದ ನೆಂಟನಿಗೆ ಮಣೆ ಹಾಕುವ ಧಾಟಿಯಿದೆ. ಕುಮಾರರ ಮಾಳವಿಯ ವಿಷಯದಲ್ಲಿ ಈ ಪ್ರಶ್ನೆ ಏಳದಿರಲು ಕಾರಣ, ಅವರು ಆ ಭಾಷೆಯಲ್ಲಿ ಹೇಳಿದ್ದು ತಮ್ಮ ಮಾತನ್ನಲ್ಲ; ಅದನ್ನು ಆಡುವವರ ಮಾತನ್ನು. ಅವರ ಬಂದಿಶ್‌ಗಳಲ್ಲಿ 'ನಾನು' ಎನ್ನುವುದು ಹೆಚ್ಚಾಗಿ ಬೇರೆ ಯಾರೋ.

ಮಧಸುರ್ಜಾದಲ್ಲಿ ಆ 'ನಾನು' ಒಂದು ಆಡು.

ದೇವಾಸದಲ್ಲಿ ಊರ ನಡುವೆ ಒಂದು ಗುಡ್ಡವಿದೆ, ಮೇಲೆ ಚಾಮುಂಡಾ ಮಾತೆಯ ಮತ್ತು ತುಳಜಾಭವಾನಿಯ ಗುಡಿಗಳು. ಕುಮಾರರ ಮನೆ 'ಭಾನುಕುಲ' ಆ ಗುಡ್ಡದ ಬುಡದಲ್ಲೇ. ಬಲಿಗೆ ಒಯ್ಯುವ ಆಡನ್ನು ಕಂಡು ಹುಟ್ಟಿದ ರಚನೆ ಇದು. ರಾಗದ ಹೆಸರೇ ಹೇಳುವಂತೆ ಹೊತ್ತು ನಡುಹಗಲು, ಸೂರ್ಯ ನೆತ್ತಿಯ ಮೇಲೆ. ಆಡು ದೇವಿಯನ್ನು ಅಮ್ಮಾ ಎಂದು ಕರೆದು ಉಳಿಸೆನ್ನುತ್ತದೆ. ಮನೆಯಲ್ಲಿ ಮರಿ ಇದೆ ಎನ್ನುತ್ತದೆ. ಕಥೆ ಇಷ್ಟೇ.

ಇಷ್ಟರಲ್ಲಿ ಏನೇನಿದೆ ನೋಡಿ. ಕತ್ತಿಯ ಮಾತಿಲ್ಲ. ರಕ್ತವಿಲ್ಲ. ಹಿಡಿದೊಯ್ಯುವವನ ಹೆಸರಿಲ್ಲ, ಅವನ ಮೇಲೆ ಶಾಪವಿಲ್ಲ. ಬಲಿ ತಪ್ಪೋ ಸರಿಯೋ ಎಂಬ ಚರ್ಚೆಯೂ ಇಲ್ಲ. ಬೇಡುತ್ತಿರುವುದು ಯಾರ ಬಳಿ? ಯಾರಿಗೆ ತನ್ನನ್ನು ಅರ್ಪಿಸಲಾಗುತ್ತಿದೆಯೋ ಅವರ ಬಳಿಯೇ. ಅವಳೂ ತಾಯಿ, ಇವಳೂ ತಾಯಿ. ಒಬ್ಬ ತಾಯಿ ಇನ್ನೊಬ್ಬ ತಾಯಿಗೆ ಹೇಳಬಹುದಾದ ಒಂದೇ ಕಾರಣವನ್ನು ಹೇಳುತ್ತಾಳೆ. ಸಣ್ಣಕಥೆಯ ಕಲೆ ಎಂದರೆ ಯಾವ ಬಾಯಿಂದ ಕಥೆ ಹೇಳಿಸಬೇಕೆಂದು ತಿಳಿಯುವುದು ಎಂದು ನಾವು ನಂಬಿದ್ದೇವೆ. ಇದೇ ಘಟನೆಯನ್ನು ನೋಡುತ್ತ ನಿಂತವನ ಬಾಯಿಂದ ಹೇಳಿಸಿದ್ದರೆ ಮರುಕದ ಒಂದು ಪದ್ಯವಾಗುತ್ತಿತ್ತು, ಅಷ್ಟೆ.

ಕನ್ನಡದ ಕೇಳುಗರಿಗೆ ತಕ್ಷಣ 'ಗೋವಿನ ಹಾಡು' ನೆನಪಾಗುತ್ತದೆ. ಸುಳೇಭಾವಿಯ ಹುಡುಗನ ಕಿವಿಗೆ ಪುಣ್ಯಕೋಟಿ ಬಿದ್ದಿದ್ದಳೋ ಇಲ್ಲವೋ ಎಂದು ಊಹಿಸುತ್ತ ಕೂರುವುದು ಬೇಡ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಸಾಕು. ಪುಣ್ಯಕೋಟಿಯೂ ಮನೆಯಲ್ಲಿ ಕರು ಇದೆ ಎಂದೇ ಹುಲಿಗೆ ಹೇಳಿದ್ದು. ಅವಳಿಗೆ ಹೋಗಿಬರಲು ಬಿಡುವು ಸಿಕ್ಕಿತು. ಕರುವಿಗೆ ಹಾಲುಣಿಸಿದಳು, ಅದನ್ನು ಅಕ್ಕತಂಗಿಯರಿಗೆ ಒಪ್ಪಿಸಿದಳು, ಮಾತಿಗೆ ತಪ್ಪದೆ ಮರಳಿದಳು. ಕೊನೆಗೆ ಪ್ರಾಣ ಬಿಟ್ಟದ್ದು ಹುಲಿ. ಅಲ್ಲಿ ಸತ್ಯಕ್ಕೆ ಬೆಲೆ ಸಿಗುವ ಲೋಕವಿದೆ. ಮಧಸುರ್ಜಾದ ಆಡಿಗೆ ಬಿಡುವಿಲ್ಲ. ವಚನ ಕೊಡುವ ಅವಕಾಶವನ್ನೂ ಯಾರೂ ಕೊಡುವುದಿಲ್ಲ. ದೇವಿ ಉತ್ತರಿಸಿದಳೇ? ಬಂದಿಶ್ ಅದನ್ನು ಹೇಳುವುದಿಲ್ಲ. ಖಯಾಲಿನ ರೀತಿಯಲ್ಲಿ ಗಾಯಕ ಸ್ಥಾಯಿಯ ಮೊದಲ ಸಾಲಿಗೆ ಮತ್ತೆ ಮತ್ತೆ ಮರಳಲೇಬೇಕಲ್ಲ, ಹಾಗಾಗಿ ಮೊರೆಯೇ ಮತ್ತೆ ಮತ್ತೆ ಕೇಳುತ್ತದೆ. ಬೇರೆ ಬಂದಿಶ್‌ಗಳಲ್ಲಿ ಸಮ್‌ಗೆ ಮರಳುವುದೆಂದರೆ ಮನೆಗೆ ಬಂದ ಹಾಗೆ; ತಲೆಯಾಡಿಸಿ 'ವಾಹ್' ಎನ್ನುತ್ತೇವೆ. ಇಲ್ಲಿ ಪ್ರತಿ ಸಲ ಮರಳಿದಾಗಲೂ ಆಡು ಅಲ್ಲೇ ನಿಂತಿರುತ್ತದೆ. 'ವಾಹ್' ಎನ್ನಲು ಬಾಯಿ ಬರುವುದಿಲ್ಲ. ಆಕಾರವೇ ಅರ್ಥವಾಗುವುದು ಎಂದರೆ ಇದು.

ಮುಸ್ಲಿಮರಾದ ನಾವು ಇದನ್ನು ಕೇಳುವಾಗ ಬಕ್ರೀದ್ ನೆನಪಾಗದೆ ಇರುವುದಿಲ್ಲ. ಹಬ್ಬದ ದಿನ ನಾವು ಹೇಳುವ ಕಥೆ ತಂದೆಯದು: ಹಜ್ರತ್ ಇಬ್ರಾಹೀಂ(ಅ) ಮತ್ತು ಮಗ ಇಸ್ಮಾಯೀಲ್(ಅ). ಅದೇ ಮನೆಯ ತಾಯಿಯ ಕಥೆಯೂ ಇದೆ. ಹಾಜಿರಾ ಬೀಬಿ ಬಾಯಾರಿದ ಹಸುಗೂಸಿಗೆ ನೀರು ಹುಡುಕುತ್ತ ಸಫಾ ಮತ್ತು ಮರ್ವಾ ಗುಡ್ಡಗಳ ನಡುವೆ ಏಳು ಸಲ ಓಡಿದರು. ಹಜ್‌ಗೆ ಹೋದವರೆಲ್ಲ, ಗಂಡಸರೂ ಸೇರಿ, ಆ ತಾಯಿಯ ಓಟವನ್ನೇ ಮತ್ತೆ ನಡೆಯುತ್ತಾರೆ. ಆಕೆಗೆ ಝಂಝಂ ಚಿಮ್ಮಿತು. ಮಧಸುರ್ಜಾ ಕೇಳುವಾಗ ನಮಗೆ ಕಾಣುವುದು ನೀರು ಇನ್ನೂ ಚಿಮ್ಮದ ಆ ಹೊತ್ತು.

ಕುರ್ಬಾನಿಯ ಪ್ರಾಣಿಯ ಕಣ್ಣೆದುರು ಚೂರಿ ಮಸೆಯಬಾರದು, ಒಂದರ ಮುಂದೆ ಇನ್ನೊಂದನ್ನು ಕೊಯ್ಯಬಾರದು ಎಂದು ನಮಗೆ ಹಿರಿಯರು ಕಲಿಸಿದ್ದಾರೆ. ಪ್ರಾಣಿಗೆ ತಿಳಿಯುತ್ತದೆ ಎಂದು ಒಪ್ಪಿಕೊಂಡವರು ಮಾತ್ರ ಇಂಥ ಎಚ್ಚರ ಹೇಳಬಲ್ಲರು. ಕುಮಾರರ ಬಂದಿಶ್ ಶುರುವಾಗುವುದೂ ಅಲ್ಲಿಂದಲೇ: ಆಡಿಗೆ ತಿಳಿದಿದೆ. ಇದನ್ನು ಹಿಡಿದು ಯಾರದಾದರೂ ಹಬ್ಬದ ವಿರುದ್ಧ, ಯಾರದಾದರೂ ಜಾತ್ರೆಯ ವಿರುದ್ಧ ಕರಪತ್ರ ಮಾಡಲು ಹೊರಟರೆ ಆ ಹಾಡು ಕೈಗೆ ಸಿಗುವುದಿಲ್ಲ. ಅದು ಯಾರ ಪರವೂ ವಾದಿಸುತ್ತಿಲ್ಲ. ಕೇಳಿಸಿಕೊಳ್ಳಲು ಬಾರದ ಒಂದು ದನಿಯನ್ನು ಕೇಳಿಸಿದೆ, ಉಳಿದದ್ದನ್ನು ನಮಗೆ ಬಿಟ್ಟಿದೆ.

ಶಿರಸಿಯವರಿಗೆ ಇದರ ನೆನಪು ಇನ್ನೊಂದು ದಾರಿಯಿಂದಲೂ ಬರುತ್ತದೆ. ಮಾರಿಕಾಂಬೆಯ ಜಾತ್ರೆಯಲ್ಲಿ ಒಂದು ಕಾಲಕ್ಕೆ ಕೋಣನ ಬಲಿ ನಡೆಯುತ್ತಿತ್ತು. ವಿಠ್ಠಲರಾವ್ ಹೊಡಿಕೆ ಎಂಬ ಶಿಕ್ಷಕರ ಮುಂದಾಳುತನದಲ್ಲಿ ಗಾಂಧಿವಾದಿಗಳು ಅದನ್ನು ನಿಲ್ಲಿಸಲು ಹೋರಾಡಿದರು. ಗಾಂಧೀಜಿ 1934ರಲ್ಲಿ ಶಿರಸಿಗೆ ಬಂದರು. ಕೋಣನ ಬಲಿ ನಿಂತಿತು, ಜಾತ್ರೆ ನಿಲ್ಲಲಿಲ್ಲ; ಎರಡು ವರ್ಷಕ್ಕೊಮ್ಮೆ ಇಂದಿಗೂ ಊರು ತುಂಬುತ್ತದೆ.

ಗಾಂಧಿಯ ಮಾತು ಬಂತಾದ್ದರಿಂದ ಕುಮಾರರ ಇನ್ನೊಂದು ರಚನೆಗೆ ಬರಬಹುದು. 1969ರ ಗಾಂಧಿ ಶತಮಾನೋತ್ಸವಕ್ಕೆಂದು ಅವರು 'ಗಾಂಧಿ ಮಲ್ಹಾರ್' ಎಂಬ ರಾಗವನ್ನೇ ಕಟ್ಟಿದರು. ಅದಕ್ಕೂ ಮೊದಲು, 1948ರಲ್ಲಿ, ರವಿಶಂಕರರು ಗಾಂಧಿಯ ಹೆಸರಿನ ಅಕ್ಷರಗಳಲ್ಲಿ ಗ, ನಿ, ಧ ಸ್ವರಗಳನ್ನು ಕಂಡು 'ಮೋಹನ್ ಕೌಂಸ್' ಮಾಡಿದ್ದರು. ಅದು ಜಾಣತನದ ಮಾತು, ಸೊಗಸಾಗಿಯೂ ಇದೆ. ಕುಮಾರರು ಹೆಸರಿನ ಅಕ್ಷರ ಹುಡುಕದೆ ಮಳೆಯ ಕಡೆ ನೋಡಿದರು. ಸತ್ತ ಮಹಾತ್ಮನಿಗೆ ದರ್ಬಾರಿಯ ಗಾಂಭೀರ್ಯ ತೊಡಿಸಬಹುದಿತ್ತು, ಭೈರವಿಯಲ್ಲಿ ಅಳಿಸಬಹುದಿತ್ತು. ಮಲ್ಹಾರ ಆರಿಸಿದ್ದರಲ್ಲಿ ಅವರ ಓದು ಇದೆ: ಬಿರಿದ ನೆಲಕ್ಕೆ, ಯಾರ ಹೊಲ ಎಂದು ಕೇಳದೆ ಬಿದ್ದ ಮಳೆ ಈ ಮನುಷ್ಯ.

ಆದರೆ ಒಂದು ಮಾತು ಹೇಳಬೇಕು. ಮಾತಿನ ಮಟ್ಟದಲ್ಲಿ ಗಾಂಧಿ ಮಲ್ಹಾರದ ಬಂದಿಶ್ ಮಧಸುರ್ಜಾದ ಹತ್ತಿರ ಬರುವುದಿಲ್ಲ. ಧೀರನೆಂದು, ದೇಶಕ್ಕೆ ಜೀವ ತುಂಬಿದವನೆಂದು, ವಿರಾಟನೆಂದು ಅದು ಹೊಗಳುತ್ತದೆ. ಇಂಥ ಹೊಗಳಿಕೆ ಶಾಲೆಯ ಗೋಡೆಯ ಮೇಲೂ ಸಿಗುತ್ತದೆ. ಆಡಿನ ಬಾಯಲ್ಲಿ ಮಾತನಾಡಿದ ಕವಿ ಇಲ್ಲಿ ವೇದಿಕೆಯ ಮೇಲೆ ನಿಂತಿದ್ದಾನೆ. ರಾಗ ಮಾತನ್ನು ಮೀರಿ ಹೋಗುವುದರಿಂದ ಹಾಡು ಉಳಿದಿದೆ. ಧ್ವನಿಮುದ್ರಣ ಕೇಳಿ ನೋಡಿ. 'ಧೀರ' ಎಂಬ ಶಬ್ದವನ್ನು ಅವರು ಏರುದನಿಯಲ್ಲಿ ಘೋಷಿಸುವುದಿಲ್ಲ, ತಗ್ಗಿಸಿ, ಒರೆಸಿ, ನೀರಾಗಿಸಿ ಬಿಡುತ್ತಾರೆ. ರಚನಕಾರ ಬಿಟ್ಟ ಕೊರತೆಯನ್ನು ಗಾಯಕ ತುಂಬಿದ್ದಾನೆ. ಇಬ್ಬರೂ ಒಬ್ಬರೇ ಆಗಿದ್ದದ್ದು ನಮ್ಮ ಅದೃಷ್ಟ.

ಮಲ್ಹಾರವನ್ನು ಸೋಂದಾದಲ್ಲಿ ಕೇಳುವುದು ಒಂದು ತಮಾಷೆಯೂ ಹೌದು. ಅದು ಮಳೆಗಾಗಿ ಆಕಾಶ ನೋಡುವವರ ರಾಗ. ನಮ್ಮಲ್ಲಿ ಆಷಾಢದ ಮಳೆಯನ್ನು ಯಾರೂ ಕರೆಯಬೇಕಾಗಿಲ್ಲ. ಸಾಕು ನಿಲ್ಲಪ್ಪ ಎನ್ನಬೇಕು. ಅಡಿಕೆಗೆ ಕೊಳೆರೋಗ ಬರಬಾರದೆಂದು ಮೈಲುತುತ್ತ, ಸುಣ್ಣ ಕಲಸಿ ಮದ್ದು ಹೊಡೆಯುವುದು, ಕೊನೆಗೆ ಕೊಟ್ಟೆ ಕಟ್ಟುವುದು, ಎರಡನೆಯ ಸಲದ ಮದ್ದಿಗೆ ಹೊಳವು ಸಿಗದೆ ಒದ್ದಾಡುವುದು, ಇದು ನಮ್ಮ ಮಲ್ಹಾರ. ಕುಮಾರರು ಇದನ್ನು ಅರಿಯದವರಲ್ಲ. 'ಗೀತ ವರ್ಷಾ' ಎಂಬ ಅವರ ಕಾರ್ಯಕ್ರಮದಲ್ಲಿ ಮಾಳವದ ಜನಪದ ಗೀತೆಗಳೂ ರಾಗದ ಬಂದಿಶ್‌ಗಳೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದವು. ಮಳೆ ಅಲ್ಲಿ ಅಲಂಕಾರವಲ್ಲ, ಕೆಲಸ.

ಅವರ ನಿರ್ಗುಣ ಭಜನೆಗಳ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ನೇಕಾರ ಕಬೀರನನ್ನು, ಗೋರಖನಾಥನನ್ನು ಅವರು ಹಾಡಿದ ರೀತಿಯ ಮೇಲೆ ಲಿಂಡಾ ಹೆಸ್ 2009ರಲ್ಲಿ ಪುಸ್ತಕವನ್ನೇ ತಂದರು. ಬೆಂಗಳೂರಿನಿಂದ ಕೆಲಸ ಮಾಡಿದ ಶಬ್ನಮ್ ವಿರ್ಮಾನಿಯವರ 'ಕೋಯಿ ಸುನತಾ ಹೈ' ಚಿತ್ರವೂ ಇದೆ. ಕಬೀರನಿಂದಾಗಿ ಕುಮಾರರು ಹಿಂದೂ-ಮುಸ್ಲಿಂ ಭಾವೈಕ್ಯದ ಸಭೆಗಳಿಗೆ ಒಗ್ಗುವ ಹೆಸರಾಗಿದ್ದಾರೆ. ಒಳ್ಳೆಯದೇ. ಆದರೆ ಆ ಪ್ರಸಿದ್ಧಿಯ ನೆರಳಿನಲ್ಲಿ ಅವರದೇ ಮಾತುಗಳಿರುವ ಬಂದಿಶ್‌ಗಳು ಹಿಂದೆ ಸರಿದಿವೆ. ಭಾವೈಕ್ಯದ ಮಾತು ಒಮ್ಮೆಯೂ ಎತ್ತದ ಮಧಸುರ್ಜಾ, ಒಬ್ಬ ಲಿಂಗಾಯತರ ಮನೆಯ ಹುಡುಗ ದೇವಿಯ ಗುಡ್ಡದ ಬುಡದಲ್ಲಿ ಕುಳಿತು ಬರೆದದ್ದು, ಹಾಜಿರಾ ಬೀಬಿಯನ್ನು ನಮ್ಮ ಕಣ್ಣೆದುರು ತಂದು ನಿಲ್ಲಿಸಿತಲ್ಲ. ಸಭೆಯ ಭಾಷಣಗಳಿಗೆ ಇದು ಸಾಧ್ಯವಾಗಿದ್ದನ್ನು ನಾವು ಕಂಡಿಲ್ಲ.

2024ರಲ್ಲಿ ಕುಮಾರರ ಜನ್ಮಶತಮಾನೋತ್ಸವ ಆಯಿತು. ಆ ನೆಪದಲ್ಲಾದರೂ ನಮ್ಮ ಕಡೆಯ ಯಾವುದಾದರೂ ಬೈಠಕ್‌ನಲ್ಲಿ ಮಧಸುರ್ಜಾ ಸಿಕ್ಕೀತೆಂದು ಕಾದೆವು, ಸಿಗಲಿಲ್ಲ. ನಾವು ಕೇಳಿದ್ದೆಲ್ಲ ಧ್ವನಿಮುದ್ರಣದಿಂದಲೇ. ಇದಕ್ಕೆ ಗಾಯಕರನ್ನು ದೂರಿ ಪ್ರಯೋಜನವಿಲ್ಲ. ಕಾರಣ ಬಹಳ ಸಾದಾ. ಬೈಠಕ್‌ಗಳು ಶುರುವಾಗುವುದೇ ಸಂಜೆ ಆರಕ್ಕೆ, ಪೂರಿಯಾ ಧನಾಶ್ರೀಯಿಂದ. ಬೆಳಗಿನವರೆಗೆ ನಡೆದರೆ ಕೊನೆಗೆ ತೋಡಿ, ಭೈರವಿ. ನಡುಹಗಲಿನ ರಾಗಗಳಿಗೆ ಸರದಿಯೇ ಬರುವುದಿಲ್ಲ. ಆ ಹೊತ್ತಿಗೆ ಜನ ತೋಟದಲ್ಲೋ ಅಂಗಡಿಯಲ್ಲೋ ಇರುತ್ತಾರೆ. ತಾಳಮದ್ದಳೆಯನ್ನು ಭಾನುವಾರ ಮಧ್ಯಾಹ್ನ ಇಟ್ಟುಕೊಳ್ಳುವ ಸಂಘಟಕರು ಒಂದು ಖಯಾಲಿಗೂ ಆ ಹೊತ್ತು ಕೊಡಬಹುದು. ಹಾಡುವ ಮೊದಲು ಯಾರಾದರೂ ಒಬ್ಬ ಅರ್ಥಧಾರಿ ಎದ್ದು ನಿಂತು ಆ ನಾಲ್ಕು ಸಾಲು ಯಾರು ಬರೆದದ್ದು, ಅಲ್ಲಿ ಮಾತನಾಡುತ್ತಿರುವುದು ಯಾರು ಎಂದು ಹತ್ತು ನಿಮಿಷ ಹೇಳಿದರೆ ಸಾಕು. ಊಟದ ವ್ಯವಸ್ಥೆ ಯಾರದೆಂದು ಆಮೇಲೆ ಹೇಳಬಹುದು.